ಎಳೆಯುವ ಮೊದಲು ತಳ್ಳುತ್ತಿದ್ದ ಭಾಯಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ನಾನೇ ಹೇಳಬೇಕಾಗಿಲ್ಲ, ಕೊರಟಗೆರೆ ಕಡೆಯ ನಮ್ಮ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕ. ಪುಸ್ತಕದ ಹಾಳೆಯ ಮೂಲೆ ಮಡಚಿದವರ ಮೇಲೆ ಕೂಗಾಡಿ, ಇದ್ದ ನಾಲ್ಕು ಓದುಗರಲ್ಲಿ ಇಬ್ಬರನ್ನು ಓಡಿಸಿದ ಕೀರ್ತಿ ನನ್ನದು. ಇಂಥ ನನ್ನನ್ನು ಒಂದೇ ಒಂದು ಮಧ್ಯಾಹ್ನದಲ್ಲಿ ತಣ್ಣಗೆ ಕೂರಿಸಿದವರು ಶಿರಾದಲ್ಲಿ ಕಾರಿನ ಸೀಟು ಹೊಲಿಯುತ್ತಿದ್ದ ಒಬ್ಬ ಭಾಯಿ. ಹೋದ ತಿಂಗಳು ಅವರ ಕುಶನ್ ಅಂಗಡಿ ಮುಚ್ಚಿತು. ಅಂದಿನಿಂದ ಅವರ ಬಗ್ಗೆ ಬರೆಯಬೇಕು ಎಂದು ಕೈ ತುರಿಸುತ್ತಿದೆ. ಹೆಸರು ಬರೆಯುವುದಿಲ್ಲ. ಬರೆದರೆ ಅವರೇ ಬೈಯುತ್ತಾರೆ.

ಅಂಗಡಿ ಎಂದರೆ ಪಂಕ್ಚರ್ ಅಂಗಡಿಯ ಪಕ್ಕ ಒಂದು ತಗಡಿನ ಶೆಡ್ಡು, ಒಂದು ಹಳೆಯ ಹೊಲಿಗೆ ಯಂತ್ರ, ಗೋಡೆಯ ತುಂಬ ಮೊಳೆಗೆ ನೇತುಹಾಕಿದ ರೆಕ್ಸಿನ್ ತುಂಡುಗಳು. ಭಾಯಿ ಕುಳ್ಳಗಿನ ಆಸಾಮಿ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು, ಕೈ ಮಾತ್ರ ಕುಸ್ತಿ ಆಡುವವರ ಕೈ. ಯಾವ ಗಾಡಿ ಬಂದರೂ ಮೊದಲು ಅವರು ಮಾಡುತ್ತಿದ್ದುದು ಒಂದೇ ಕೆಲಸ. ಬಾಗಿಲು ತೆಗೆದು, ಕೆಟ್ಟ ಸೀಟಿನಲ್ಲಿ ಕೂತು, ಕಣ್ಣು ಮುಚ್ಚುವುದು. ಎರಡು ನಿಮಿಷ, ಕೆಲವು ಸಲ ಹತ್ತು ನಿಮಿಷ. ಆಮೇಲೆ ಕಲ್ಲಂಗಡಿ ಹಣ್ಣು ನೋಡುವವರ ಹಾಗೆ ಸೀಟಿಗೆ ಬೆರಳಿನ ಗೆಣ್ಣಿನಿಂದ ತಟ್ಟುವುದು. ಒಮ್ಮೆ ಯಾರೋ ಜೀಪಿನವನು ಅವಸರದಲ್ಲಿ ಬಂದು, "ಏನ್ ಭಾಯ್, ನಿದ್ದೆ ಮಾಡಾಕೆ ಕೂತ್ಯಾ?" ಎಂದು ಬಾಯಿಗೆ ಬಂದಂತೆ ಕೂಗಾಡಿದನಂತೆ. ಇವರು ಕಣ್ಣು ಬಿಡಲಿಲ್ಲ. ಅವನು ಸುಸ್ತಾಗಿ ಸುಮ್ಮನಾದ ಮೇಲೆ, "ಮುಗೀತಾ? ಈಗ ಸ್ಪ್ರಿಂಗ್ ಸದ್ದು ಕೇಳಿಸ್ತದೆ," ಎಂದರಂತೆ.

ಅವರ ಯಂತ್ರದ ಕೆಳಗೆ ಒಂದು ಬಿಸ್ಕತ್ತಿನ ಡಬ್ಬ ಇತ್ತು. ಸೀಟು ಬಿಚ್ಚಿದಾಗ ಸಂದಿಯಲ್ಲಿ ಸಿಕ್ಕಿದ್ದೆಲ್ಲ ಅದರೊಳಗೆ. ಬಾಚಣಿಗೆ, ಕನ್ನಡಕದ ಒಂದು ಕಾಲು, ಮಗುವಿನ ಗಿಲಕಿ, ಯಾರದೋ ಮನೆಯ ಬೀಗದ ಕೈ. ಒಂದೊಂದಕ್ಕೂ ಗಾಡಿಯ ನಂಬರು ಬರೆದ ಚೀಟಿ. ಅದರಲ್ಲಿ ಒಂದು ಬೆಳ್ಳಿಯ ಕಾಲ್ಗೆಜ್ಜೆ ನಾಲ್ಕು ವರ್ಷ ಇತ್ತು. ಅದೇ ಗಾಡಿ ಬೇರೆ ಮಾಲೀಕನ ಕೈಗೆ ಹೋಗಿ ಮತ್ತೆ ಇವರ ಅಂಗಡಿಗೇ ಬಂದಾಗ, ಹಳೆಯವರು ಯಾರೆಂದು ಕೇಳಿ ತಿಳಿದುಕೊಂಡು, ಬಸ್ಸು ಹತ್ತಿ ನಿಡುಗಲ್ಲಿಗೆ ಹೋಗಿ ಕೊಟ್ಟು ಬಂದರು. ಗೆಜ್ಜೆಯ ಒಡತಿ ಅಷ್ಟು ಹೊತ್ತಿಗೆ ಶಾಲೆಗೆ ಹೋಗುವ ಹುಡುಗಿ. ಗೆಜ್ಜೆ ಅವಳ ಹಿಮ್ಮಡಿ ದಾಟಲಿಲ್ಲ. ತೊಟ್ಟಿಲಲ್ಲಿದ್ದ ತಂಗಿಯ ಕಾಲಿಗೆ ಕಟ್ಟಿದರಂತೆ. ಇದನ್ನು ಹೇಳುವಾಗ ಭಾಯಿ ತಾವೇ ಆ ಮಗುವಿನ ಸೋದರಮಾವ ಎಂಬಂತೆ ಬೀಗುತ್ತಿದ್ದರು.

ನಾನು ಅವರ ಬಳಿ ಹೋದದ್ದು ಎರಡು ವರ್ಷದ ಹಿಂದೆ, ಒಂದು ರಂಜಾನ್ ತಿಂಗಳಿನಲ್ಲಿ. ಹೋದ ಕಾರಣ ನನ್ನ ಹೆಂಡತಿಯ ಪರೀಕ್ಷೆ.

ನನ್ನ ಹೆಂಡತಿ ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳು. ಒಂಬತ್ತನೇ ತರಗತಿಗೆ ಓದು ಬಿಟ್ಟವಳು. ಅಂಗನವಾಡಿಯಲ್ಲಿ ಸಹಾಯಕಿ ಹುದ್ದೆ ಖಾಲಿಯಾಗುತ್ತದೆ ಎಂದು ಗೊತ್ತಾದಾಗ, ಅದಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು, ಮೂವತ್ತೈದು ದಾಟಿರಬಾರದು ಎಂದೂ ಗೊತ್ತಾಯಿತು. ಅವಳಿಗೆ ಆಗ ಮೂವತ್ತನಾಲ್ಕು. ಖಾಸಗಿಯಾಗಿ ಪರೀಕ್ಷೆ ಕಟ್ಟಿದಳು. ಒಂದು ವರ್ಷ ನನ್ನ ಗ್ರಂಥಾಲಯದ ಎಲ್ಲ ಗೈಡುಗಳೂ ನಮ್ಮ ಅಡುಗೆಮನೆಯಲ್ಲಿದ್ದವು. ಲೆಕ್ಕದ ಪುಸ್ತಕಕ್ಕೆ ಅರಿಶಿನದ ಕಲೆ ಮಾಡಿದಳು, ನಾನು ಕೂಗಾಡಲಿಲ್ಲ. ಇದನ್ನು ನನ್ನ ಪರವಾಗಿ ದಾಖಲಿಸುತ್ತಿದ್ದೇನೆ.

ಪರೀಕ್ಷೆಗೆ ಐದು ವಾರ ಇರುವಾಗ ಅವಳು ಮಾಳಿಗೆಯ ಮೇಲೆ ಒಣಹಾಕಿದ್ದ ಹುಣಸೆಹಣ್ಣು ತರಲು ಹೋಗಿ ಏಣಿ ಜಾರಿ ಬಿದ್ದಳು. ಕಾಲಿನ ಮೂಳೆ ಮುರಿಯಿತು. ತೊಡೆಯಿಂದ ಪಾದದವರೆಗೆ ಪ್ಲಾಸ್ಟರು, ಮೊಣಕಾಲು ಮಡಚುವ ಹಾಗಿಲ್ಲ. ಪರೀಕ್ಷೆಯ ಕೊಠಡಿಯಲ್ಲಿ ಕಾಲು ಚಾಚಿ ಕೂರಲು ಮುಂದೊಂದು ಬೆಂಚು ಹಾಕಿಕೊಡುತ್ತೇವೆ ಎಂದು ಕೊರಟಗೆರೆಯ ಕೇಂದ್ರದವರು ಒಪ್ಪಿದರು. ಆದರೆ ಅಲ್ಲಿಗೆ ಹೋಗುವುದು ಹೇಗೆ? ಬಸ್ಸಿನ ಮೆಟ್ಟಿಲು ಹತ್ತುವ ಮಾತೇ ಇಲ್ಲ. ಆಟೋದಲ್ಲಿ ಕಾಲು ರಸ್ತೆಗೆ ಚಾಚುತ್ತದೆ. ನಮ್ಮದೊಂದು ಸೆಕೆಂಡ್ ಹ್ಯಾಂಡ್ ಚಿಕ್ಕ ಕಾರಿದೆ. ಹಿಂದಿನ ಸೀಟಿನಲ್ಲಿ ಅಡ್ಡಲಾಗಿ ಕೂರಿಸಿ ನೋಡಿದೆವು. ಅವಳು ಎತ್ತರದ ಹೆಂಗಸು. ಬೆನ್ನು ಒಂದು ಬಾಗಿಲಿಗೆ ಆನಿಸಿದರೆ ಹಿಮ್ಮಡಿ ಇನ್ನೊಂದು ಬಾಗಿಲಿನಿಂದ ನಾಲ್ಕು ಬೆರಳು ಆಚೆ. ಉಳಿದ ದಾರಿ ಒಂದೇ. ಹಿಂದಿನ ಸೀಟಿನ ಒರಗನ್ನು, ಅಂದರೆ ಬೆನ್ನು ಆನಿಸುವ ಭಾಗವನ್ನು, ಮುಂದಕ್ಕೆ ಮಡಚಿ, ಡಿಕ್ಕಿಯ ಕಡೆಯಿಂದ ಅವಳನ್ನು ಉದ್ದಕ್ಕೆ ಮಲಗಿಸಿಕೊಂಡು ಹೋಗುವುದು.

ಒರಗು ಮಡಚಲಿಲ್ಲ.

ಒರಗಿನ ಮೇಲೆ ಲಾಕು ಬಿಡಿಸಲು ಇರುವ ಗುಬುಟು ಎಳೆದೆ. ಅಲ್ಲಾಡಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಕಾಲು ಕೊಟ್ಟು, ಹಲ್ಲು ಕಚ್ಚಿ, ಕಾರು ಮಾಡಿದವನ ವಂಶವನ್ನೆಲ್ಲ ಬೈದು ಎಳೆದೆ. ಒಳಗೆ ಏನೋ ಟಣ್ ಎಂದಿತು. ಗುಬುಟು ತಂತಿ ಸಮೇತ ನನ್ನ ಕೈಗೆ ಬಂತು. ಒರಗು ಮಾತ್ರ ದೇವಸ್ಥಾನದ ಗೋಡೆಯಂತೆ ನಿಂತೇ ಇತ್ತು. ಜಗಲಿಯ ಮೇಲೆ ಕಾಲು ಚಾಚಿ ಓದುತ್ತಿದ್ದ ಅವಳು ತಲೆ ಎತ್ತಿ ನೋಡಿದಳು.

"ಕಿತ್ತಾಕ್‌ಬುಟ್ರಾ?"

"ಹೂಂ."

"ನಿಮ್ ಕ್ವಾಪಕ್ಕೆ ನನ್ ಪರೀಕ್ಷೆ ಹೋಯ್ತದೆ ನೋಡಿ," ಎಂದು ಪುಸ್ತಕ ಮುಚ್ಚಿದಳು. ಅಳಲಿಲ್ಲ. ಅತ್ತಿದ್ದರೆ ವಾಸಿಯಾಗಿತ್ತು.

ಅಂದು ಶುಕ್ರವಾರ, ಸೋಮವಾರ ಮೊದಲ ಪರೀಕ್ಷೆ. ಕೊರಟಗೆರೆಯ ಮೆಕ್ಯಾನಿಕ್ ನೋಡಿ, ಗ್ಯಾಸ್ ಕಟರ್ ಇಟ್ಟು ಕತ್ತರಿಸಬೇಕು ಎಂದ. ಪೆಟ್ರೋಲ್ ಟ್ಯಾಂಕಿನ ತಲೆಯ ಮೇಲೆ ಬೆಂಕಿ ಇಡುವ ಮಾತು ಕೇಳಿ ಗಾಡಿ ತಿರುಗಿಸಿದೆ. ಮಧುಗಿರಿಯ ಗ್ಯಾರೇಜಿನವರು ಅರ್ಧ ದಿನ ಸುತ್ತಿಗೆಯಿಂದ ಬಡಿದು ಕೈ ಚೆಲ್ಲಿದರು. ಅವರಲ್ಲೇ ಒಬ್ಬರು, "ಶಿರಾದಾಗೆ ಒಬ್ರು ಕುಶನ್ ಭಾಯಿ ಅವ್ರೆ, ಒಂದ್ ಸಲ ತೋರಿಸ್ಬುಡಿ," ಎಂದರು. ಶನಿವಾರ ಮಧ್ಯಾಹ್ನ ಆ ತಗಡಿನ ಶೆಡ್ಡಿನ ಮುಂದೆ ಕಾರು ನಿಲ್ಲಿಸಿದೆ.

ಭಾಯಿ ಎಲ್ಲರಿಗೂ ಮಾಡುವಂತೆ ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ನನಗೆ ಮೈ ಉರಿಯಿತು. ಕೊನೆಗೆ ಅವರು ಕಣ್ಣು ಬಿಟ್ಟು ಕೇಳಿದರು.

"ಎಷ್ಟು ಜನ ಎಳ್ದಿದೀರ ಇದನ್ನ?"

"ನಾನು, ಕೊರಟಗೆರೆಯೋನು, ಮಧುಗಿರಿಯೋರು ಮೂರು ಜನ."

"ಐದು ಜನ ಎಳ್ದಿದೀರ. ತಳ್ಳಿದೋರು ಯಾರು?"

ನಾನು ಕಿತ್ತುಬಂದ ಗುಬುಟನ್ನು ಮುಂದೆ ಚಾಚಿದೆ.

"ನೋಡಿ ಸ್ವಾಮಿ. ಒಳಗೆ ಲಾಕು ಕೊಂಡೀನ ಕಚ್ಕೊಂಡೈತೆ. ನೀವು ಎಳೆದಷ್ಟೂ ಅದು ಜೋರಾಗಿ ಕಚ್ತದೆ. ಮೊದ್ಲು ಹಿಂದಕ್ಕೆ ತಳ್ಳಿ ಅದಕ್ಕೆ ಸಡಿಲ ಕೊಡ್ಬೇಕು. ಆಮೇಲೆ ಬಿಡು ಅಂತ ಕೇಳ್ಬೇಕು."

ಡಿಕ್ಕಿಯ ಕಡೆಯಿಂದ ಹೋಗಿ, ಒರಗಿನ ಹಿಂಬದಿಯ ಬಟ್ಟೆಯ ಹೊಲಿಗೆಯನ್ನು ಒಂದೊಂದಾಗಿ ಬಿಚ್ಚಿದರು. ಹರಿಯಲಿಲ್ಲ, ಬಿಚ್ಚಿದರು. ಒಳಗೆ ಎರಡೂ ಕಡೆಯ ಲಾಕುಗಳು ಕಂಡವು. ನನ್ನನ್ನು ಮುಂದಿನಿಂದ ಒರಗಿಗೆ ಭುಜ ಕೊಟ್ಟು ತಳ್ಳಲು ಹೇಳಿದರು. ಬಲಗಡೆಯದು ಬಿಟ್ಟುಕೊಂಡಿತು. ಎಡಗಡೆಯದು ಜಗ್ಗಲಿಲ್ಲ, ತಳ್ಳಿದರೂ ಹಿಂದಕ್ಕೆ ಹೋಗಲಿಲ್ಲ. ಭಾಯಿ ಒಂದು ಉದ್ದನೆಯ ದಬ್ಬಳವನ್ನು ಸಂದಿಗೆ ತೂರಿಸಿ ಹೊರಗೆ ತೆಗೆದರು. ತುದಿಗೆ ಕಪ್ಪಗೆ ಏನೋ ಅಂಟಿತ್ತು. ಮೂಗಿನ ಹತ್ತಿರ ಹಿಡಿದವರೇ ತಟ್ಟನೆ ದೂರ ಹಿಡಿದರು.

"ಅರೆ! ಹುಣಸೆಹಣ್ಣು!"

ನನಗೆ ನೆಲ ಬಿರಿದು ಒಳಗೆ ಹೋಗಬಾರದೇ ಎನ್ನಿಸಿತು. ಅವಳು ಬಿದ್ದ ಮೇಲೆ ಆ ವರ್ಷದ ಹುಣಸೆಹಣ್ಣನ್ನೆಲ್ಲ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ, ಡಿಕ್ಕಿಯಲ್ಲಿ ಒತ್ತೊತ್ತಾಗಿ ತುಂಬಿ, ಮಾರಲು ಪೇಟೆಗೆ ಒಯ್ದವನು ನಾನೇ. ಮೂರು ದಿನ ಕಾರು ಬಿಸಿಲಲ್ಲಿ ನಿಂತಿತ್ತು. ಒಂದು ಚೀಲ ಒಡೆದು, ಹಣ್ಣು ಕರಗಿ ಲಾಕಿನ ಸಂದಿಗೆ ಇಳಿದು, ಬೀಜದ ಸಮೇತ ಕಲ್ಲಾಗಿ ಕೂತಿತ್ತು. ಡಿಕ್ಕಿಯಲ್ಲಿ ಬೇಡ, ಬುಟ್ಟಿಯಲ್ಲಿ ಬಸ್ಸಿಗೆ ಹಾಕಿ ಎಂದು ಅವಳು ಹೇಳಿದ್ದಳು. ನಾನು ಕೇಳಿರಲಿಲ್ಲ.

ಭಾಯಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಉಪವಾಸ ಇರೋನ ಮೂಗಿಗೆ ಹುಣಸೆಹಣ್ಣು ತಂದು ಹಿಡಿದಿದೀರಲ್ಲ ಸ್ವಾಮಿ! ಸಂಜೆವರೆಗೂ ಬಾಯಲ್ಲಿ ನೀರು ಬರ್ತದೆ, ನುಂಗೋ ಹಂಗೂ ಇಲ್ಲ!" ಬೆಳಗಿನ ಜಾವದಿಂದ ಹನಿ ನೀರು ಕುಡಿಯದ ಮನುಷ್ಯ ಎಂದು ನನಗೆ ಆಗಲೇ ಗೊತ್ತಾದದ್ದು. ನಾನು ಬಂದಾಗ ಸೂಜಿಗೆ ಪೋಣಿಸುತ್ತಿದ್ದ ದಾರದ ತುದಿಯನ್ನು ಎಲ್ಲ ದರ್ಜಿಗಳಂತೆ ತುಟಿಗೆ ಹಚ್ಚದೆ, ಪಕ್ಕದಲ್ಲಿದ್ದ ನೀರಿನ ಬಟ್ಟಲಿಗೆ ಅದ್ದುತ್ತಿದ್ದುದು ಏಕೆಂದೂ ಆಗ ತಿಳಿಯಿತು.

ದಬ್ಬಳದಿಂದ ಕೆರೆದರು, ಎಣ್ಣೆ ಬಿಟ್ಟರು. ಅದು ಅಲ್ಲಾಡಲಿಲ್ಲ. ಅಷ್ಟರಲ್ಲಿ ಮನೆಯಿಂದ ಫೋನು.

"ಏನಾಯ್ತ್ರೀ?"

ತಪ್ಪು ಒಪ್ಪಿಕೊಂಡೆ. ಆಮೇಲೆ ಅವಳು ಕೇಳಿದಳು. "ದಿನಾ ಸಾರಿಗೆ ಹುಣಸೆಹಣ್ಣ ಏನ್ಮಾಡ್ತೀನಿ ನಾನು?"

"ಏನ್ಮಾಡ್ತೀಯ?"

"ಬಿಸ್ನೀರ್ಗೆ ನೆನೆ ಹಾಕ್ತೀನಿ. ಗಟ್ಟಿ ಇದ್ದಷ್ಟೂ ನೀರು ಬಿಸಿ ಇರ್ಬೇಕು. ಉಯ್ರಿ ಅದ್ಕೆ. ಎಣ್ಣೆ ಹಾಕಿದ್ರೆ ಎಲ್ಲಾದ್ರೂ ಕರಗ್ತದಾ?"

ಫೋನಿನ ದನಿ ಭಾಯಿಗೂ ಕೇಳಿತ್ತು. ಅವರು ಎಣ್ಣೆಯ ಡಬ್ಬ ಕೆಳಗಿಟ್ಟು, ಹಣೆಗೆ ಕೈ ಹಚ್ಚಿ ಫೋನಿಗೆ ಸಲಾಂ ಮಾಡಿದರು. "ಉಸ್ತಾದ್ ಮನೇಲೇ ಅವ್ರೆ. ನೀವು ಶಿರಾವರೆಗೆ ಬಂದಿದೀರ."

ಎದುರಿನ ಹೋಟೆಲಿನಿಂದ ಕುದಿಯುವ ನೀರು ತಂದೆ. ಬಟ್ಟೆ ಅದ್ದಿ, ಹಿಂಡಿ, ಸಂದಿಗೆ ಒತ್ತಿ, ಮತ್ತೆ ಅದ್ದಿ. ಒಂದು ಗಂಟೆಯ ಮೇಲೆ ಶೆಡ್ಡಿನ ತುಂಬ ಸಾರಿನ ವಾಸನೆ. ಭಾಯಿ ಕಣ್ಣಲ್ಲೇ ಸನ್ನೆ ಮಾಡಿದರು. ನಾನು ಭುಜ ಕೊಟ್ಟು ಹಿಂದಕ್ಕೆ ತಳ್ಳಿದೆ. ಈ ಸಲ ಒರಗು ಒಂದು ಕೂದಲೆಳೆಯಷ್ಟು ಹಿಂದೆ ಸರಿಯಿತು. ಟಕ್. ಒರಗು ಮುಂದಕ್ಕೆ ಬಾಗಿ ನನ್ನ ಮೇಲೆಯೇ ಬಿತ್ತು. ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು.

ಕೆಲಸ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಭಾಯಿ ಮಡಚಿದ ಒರಗಿನ ಮೇಲೆ ಅಂಗೈ ಸವರಿ ತಲೆ ಅಲ್ಲಾಡಿಸಿದರು. "ಇದರ ಮೇಲೆ ಮಲಗಿದ್ರೆ ನಡುವೆ ಉಬ್ಬು. ಮುರಿದ ಕಾಲು, ನಮ್ಮ ರೋಡು. ಬೇಡ." ಕೆಳಗಿನ ಬೋಲ್ಟುಗಳನ್ನು ಬಿಚ್ಚಿ ಒರಗನ್ನೇ ಹೊರಗೆ ತೆಗೆದು ಗೋಡೆಗೆ ನಿಲ್ಲಿಸಿದರು. ಅದಿದ್ದ ಜಾಗದ ಏರುತಗ್ಗಿಗೆ ಸರಿಯಾಗಿ ಫೋಮು ಕತ್ತರಿಸಿ ಒಂದು ಹಾಸಿಗೆ ಹೊಲಿಯುವುದು ಅವರ ಲೆಕ್ಕ.

"ಉಸ್ತಾದ್ ಎಷ್ಟು ಎತ್ತರ?"

ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷ, ಹೆಂಡತಿಯ ಎತ್ತರ ಗೊತ್ತಿಲ್ಲ. ಮತ್ತೆ ಫೋನು ಮಾಡಿದೆ. ಮನೆಯಲ್ಲಿ ಟೇಪು ಎಲ್ಲಿದೆ? ಅವಳು ಕೂತಲ್ಲೇ ಅಳೆದು, "ಸೊಂಟದಿಂದ ಹಿಮ್ಮಡಿಗಂಟ ಐದೂವರೆ ಗೇಣು," ಎಂದಳು.

"ಯಾರ ಗೇಣು?" ಎಂದರು ಭಾಯಿ. "ನನ್ ಗೇಣಲ್ಲ, ಅವರ ಗೇಣು. ಅವರ ಕೈ ನಿಮ್ ಕೈಮೇಲೆ ಇಟ್ರೆ ಎಲ್ಲಿಗಂಟ ಬರ್ತದೆ?"

ಅದು ಮಾತ್ರ ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಅಷ್ಟು ದಿನ ಅವಳ ಕೈ ಹಿಡಿದುಕೊಂಡೇ ಕೂತಿದ್ದೆನಲ್ಲ. ನನ್ನ ನಡುಬೆರಳಿನ ಕೊನೆಯ ಗೆರೆ ತೋರಿಸಿದೆ. ಭಾಯಿ ನನ್ನ ಅಂಗೈ ಅಗಲಿಸಿ, ಆ ಗೆರೆಯ ಲೆಕ್ಕದಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಫೋಮಿನ ಮೇಲೆ ಐದೂವರೆ ಸಲ ನನ್ನ ಕೈಯನ್ನು ಇಟ್ಟು ಇಟ್ಟು ಅಳೆದರು. ಉಳಿದ ಉದ್ದ ಅಂದಾಜಿನಲ್ಲಿ.

ಹಾಸಿಗೆ ಮುಗಿಯುವಾಗ ಹೊತ್ತು ಮುಳುಗುತ್ತಿತ್ತು. ಕೊನೆಯಲ್ಲಿ ಒಂದು ತುಂಡು ಪಾರದರ್ಶಕ ಪ್ಲಾಸ್ಟಿಕ್ಕಿಗೆ ಅಂಚು ಹೊಲಿದು ಜೇಬಿನಂತೆ ಮಾಡಿ, ಎರಡು ಬಾಗಿಲ ಮೇಲಿನ ಹಿಡಿಗಳ ನಡುವೆ ಕಟ್ಟಿದರು. "ಮಲಗಿದೋರಿಗೆ ಕಾಣೋದು ಮೇಲಿನದೊಂದೇ. ಲೆಕ್ಕದ ಹಾಳೆ ಇದರಲ್ಲಿ ಇಡಿ. ಓದ್ಕೊಂಡು ಹೋಗ್ಲಿ." ಅಷ್ಟರಲ್ಲಿ ಮಸೀದಿಯಿಂದ ಕೂಗು ಕೇಳಿಸಿತು. ಭಾಯಿ ಕೈ ತೊಳೆದು ಒಂದು ಖರ್ಜೂರ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ನನ್ನ ಕೈಗೆ ಕೊಟ್ಟರು. ನಾನೂ ಬೆಳಗಿನಿಂದ ಏನೂ ತಿಂದಿರಲಿಲ್ಲ ಎಂಬುದು ನನಗೆ ಮರೆತಿತ್ತು, ಅವರಿಗೆ ಮರೆತಿರಲಿಲ್ಲ.

ಹೊರಡುವಾಗ ಒರಗನ್ನು ಡಿಕ್ಕಿಗೆ ಹಾಕಲು ಹೋದೆ. ತಡೆದರು.

"ಇದು ಇಲ್ಲೇ ಇರ್ಲಿ. ಉಸ್ತಾದ್ ಪಾಸಾದ್ಮೇಲೆ ಅವ್ರೇ ಬಂದು ತಗೊಂಡು ಹೋಗ್ಲಿ."

"ಪಾಸಾಗದಿದ್ರೆ?" ನನ್ನ ಬಾಯಿ.

ಅವರು ನನ್ನನ್ನು ಒಂದು ಥರ ನೋಡಿದರು. "ನೀವು ಮತ್ತೆ ಎಳೀತಿದೀರ," ಎಂದರು.

ಆರು ಪರೀಕ್ಷೆಗೂ ಅವಳು ಆ ಹಾಸಿಗೆಯ ಮೇಲೆ ಮಲಗಿಯೇ ಕೊರಟಗೆರೆಗೆ ಹೋದಳು. ಲೆಕ್ಕದ ದಿನ ದಾರಿಯುದ್ದಕ್ಕೂ ತಲೆಯ ಮೇಲಿನ ಸೂತ್ರಗಳನ್ನು ಗಟ್ಟಿಯಾಗಿ ಓದಿದಳು. ನನಗೂ ಬಾಯಿಪಾಠವಾದವು. ಫಲಿತಾಂಶ ಬಂದಾಗ ಬೇರೆಲ್ಲ ಚೆನ್ನಾಗಿತ್ತು, ಲೆಕ್ಕದಲ್ಲಿ ಮಾತ್ರ ಪಾಸಿನ ಗಡಿಯನ್ನಷ್ಟೇ ದಾಟಿದ್ದಳು. ದಾಟಿದ್ದಳಲ್ಲ, ಅಷ್ಟು ಸಾಕು. ಮಧ್ಯಾಹ್ನವೇ ಶಿರಾಕ್ಕೆ ಹೊರಟೆವು.

ಒರಗು ಗೋಡೆಯ ಮೇಲೆ, ಧೂಳು ಕೂರದ ಹಾಗೆ ಹಳೆಯ ಸೀರೆ ಹೊದ್ದುಕೊಂಡು ನೇತಾಡುತ್ತಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ಉರ್ದು ಅಕ್ಷರ. ಭಾಯಿಗೆ ಸಲೀಸಾಗಿ ಬರುತ್ತಿದ್ದುದು ಅದೊಂದೇ ಲಿಪಿ. ಏನೆಂದು ಕೇಳಿದೆ. "ಉಸ್ತಾದ್," ಎಂದರು. ಹೊಸ ತಂತಿ ಹಾಕಿ, ಒರಗು ಕೂರಿಸಿ, ಮೊದಲು ಅವಳನ್ನೇ ಕರೆದರು. ಅವಳು ಕೋಲೂರಿಕೊಂಡು ಬಂದು ಸೀಟಿನಲ್ಲಿ ಕೂತಳು. ಆಗಷ್ಟೇ ಮೊಣಕಾಲು ಅರ್ಧ ಮಡಚಲು ಬರುತ್ತಿತ್ತು. ಬೆನ್ನು ಆನಿಸಿ, ಭಾಯಿಯಂತೆಯೇ ಒಂದು ಗಳಿಗೆ ಕಣ್ಣು ಮುಚ್ಚಿದಳು. ನಾನು ಹೊರಗೆ ನಿಂತು ಸುಮ್ಮನೆ ನೋಡಿದೆ. ನನ್ನ ಜೀವನದಲ್ಲಿ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಅದೇ ಮೊದಲು.

ಹುದ್ದೆಯ ಪಟ್ಟಿ ತಡವಾಗಿ ಬಂದರೂ ಅದರಲ್ಲಿ ಅವಳ ಹೆಸರಿತ್ತು. ಈಗ ಅವಳು ನಮ್ಮೂರ ಅಂಗನವಾಡಿಯ ಸಹಾಯಕಿ. ಆ ಹಾಸಿಗೆಯನ್ನು ಅಲ್ಲಿಗೇ ಒಯ್ದಳು. ಊಟವಾದ ಮೇಲೆ ಮಕ್ಕಳು ಅದರ ಮೇಲೆ ಅಡ್ಡಡ್ಡ ಮಲಗುತ್ತಿದ್ದವು. ಜಾಗ ಸಾಲದೆ ಒದ್ದಾಡುತ್ತಿದ್ದವು.

ಹೋದ ತಿಂಗಳು ಪಂಕ್ಚರ್ ಅಂಗಡಿಯವರು ಫೋನು ಮಾಡಿದರು. "ಭಾಯಿಗೆ ಬೆನ್ನು ಹೋಗ್ಬುಡ್ತು ಸಾರ್. ಒಂದು ತಿಂಗ್ಳು ಅಲ್ಲಾಡ್ದಂಗೆ ಮಲಗ್ಬೇಕಂತೆ. ಗಾಡಿ ಕೆಳಗೆ ಬಗ್ಗೋ ಕೆಲ್ಸ ಇನ್ ಬ್ಯಾಡ ಅಂದವ್ರೆ ಡಾಕ್ಟ್ರು. ವಳ್ಳೂರ್ನಾಗೆ ಮಗಳ ಮನೆಗೆ ಹೋಗ್ತಾವ್ರೆ. ಆ ಹಾಸಿಗೆ ಇನ್ನೂ ಐತಾ ಅಂತ ಕೇಳ್ತಾವ್ರೆ."

ನಲವತ್ತು ವರ್ಷ ಬೇರೆಯವರ ಬೆನ್ನಿಗೆ ಆಸರೆ ಹೊಲಿದವರ ಬೆನ್ನೇ ಕೈಕೊಟ್ಟಿತ್ತು. ನನಗೆ ಸಂಕಟವಾಯಿತು. ನನ್ನ ಹೆಂಡತಿ ಸಂಕಟಪಡುತ್ತಾ ಕೂರಲಿಲ್ಲ, ರಜೆ ಹಾಕಿ ಹಾಸಿಗೆ ಕೊಡವಿದಳು.

ಶೆಡ್ಡಿನ ಮುಂದೆ ಈ ಸಲ ಒರಗು ಬಿಚ್ಚಿದವನು ನಾನು. ಭಾಯಿ ಒಳಗೆ ಚಾಪೆಯ ಮೇಲೆ ಮಲಗಿ ಕಿವಿಯಲ್ಲೇ ನೋಡುತ್ತಿದ್ದರು. ನಾಲ್ಕು ಜನ ಅವರನ್ನು ಎತ್ತಿ ಡಿಕ್ಕಿಯ ಕಡೆಯಿಂದ ಮಲಗಿಸಿದೆವು. ತಲೆಯ ಮೇಲಿನ ಪ್ಲಾಸ್ಟಿಕ್ ಜೇಬಿನಲ್ಲಿ ಸೂತ್ರಗಳಿರಲಿಲ್ಲ, ಅಂಗನವಾಡಿಯ ಮಗುವೊಂದು ಬರೆದ ಕಾರಿನ ಚಿತ್ರವಿತ್ತು. ಕಾರಿಗೆ ಐದು ಚಕ್ರ. ಪಾವಗಡ ದಾಟಿ, ವಳ್ಳೂರಿನ ಹತ್ತಿರ ರಸ್ತೆಯ ಎರಡೂ ಕಡೆ ಸೋಲಾರ್ ಹಲಗೆಗಳು ಶುರುವಾಗುವವರೆಗೆ ಭಾಯಿ ಅದನ್ನೇ ನೋಡುತ್ತಿದ್ದರು. ಆಮೇಲೆ ಅಂಗೈಯಿಂದ ಹಾಸಿಗೆಯ ಅಂಚು ಸವರಿದರು.

"ಇಲ್ಲಿ ಹೊಲಿಗೆ ಬಿಟ್ಟೈತೆ. ಯಾರು ಮಲಗ್ತಿದ್ರು ಇದರ ಮೇಲೆ?"

"ಹದ್ನೇಳು ಮಕ್ಳು, ಭಾಯಿ," ಎಂದಳು ಪಕ್ಕದಲ್ಲಿ ಮುದುಡಿ ಕೂತಿದ್ದ ಅವಳು.

"ಹದಿನೇಳಾ? ಒಬ್ರಿಗೆ ಅಂತ ಹೊಲ್ದಿದ್ದು!"

ನಗು ಬಂದು ಬೆನ್ನು ಹಿಡಿದುಕೊಂಡಿತು. "ನಗಿಸಬೇಡ ಬೇಟಿ," ಎಂದು ನರಳುತ್ತಲೇ ನಕ್ಕರು.

ಮಗಳ ಮನೆಯಲ್ಲಿ ಅವರನ್ನು ಹಾಸಿಗೆಯ ಸಮೇತ ಇಳಿಸಿ ಒಳಗೆ ಮಲಗಿಸಿದೆವು. ಹೊರಡುವಾಗ ಅವರು ಮೆಲ್ಲಗೆ, "ಹಾಸಿಗೆ ತಗೊಂಡು ಹೋಗಿ, ಮಕ್ಕಳಿಗೆ ಬೇಕು," ಎಂದರು. ಇನ್ನು ನನ್ನ ಕೈಯಲ್ಲಿ ಏನಾಗುತ್ತದೆ ಎಂಬ ದನಿ ಅದು. ಆ ದನಿಯನ್ನು ನಾನು ಅವರಲ್ಲಿ ಮೊದಲು ಕೇಳಿರಲಿಲ್ಲ.

ಅವಳು ಸೆರಗು ಸಿಕ್ಕಿಸಿಕೊಂಡು ನಿಂತಳು. "ಇದು ಇಲ್ಲೇ ಇರ್ಲಿ ಭಾಯಿ. ನೀವು ಪಾಸಾದ್ಮೇಲೆ ಬಂದು ತಗೊಂಡೋಗ್ತೀನಿ."

ಭಾಯಿ ಅಂದು ಫೋನಿಗೆ ಮಾಡಿದ ಹಾಗೆ ಹಣೆಗೆ ಕೈ ಹಚ್ಚಿದರು.

ನಿನ್ನೆ ಮಧ್ಯಾಹ್ನ ಅಂಗನವಾಡಿಗೆ ಅವಳ ಊಟದ ಡಬ್ಬಿ ಕೊಡಲು ಹೋಗಿದ್ದೆ. ನನ್ನ ಫೋನು ಬಡಿದುಕೊಂಡಿತು. ಭಾಯಿಯ ಮಗಳು. "ಅಣ್ಣಾ, ಅಬ್ಬಾ ಇವತ್ತು ಎದ್ದು ಕೂತ್ರು. ಕೂತೋರೇ ನನ್ ಹೊಲಿಗೆ ಮಿಷಿನ್ನ ಹತ್ರಕ್ಕೆ ಎಳ್ಕೊಂಡು ಬಾ, ದಾರ ಕೊಡು ಅಂತ ಜೀವ ತಿಂತಾವ್ರೆ." ಹಿಂದೆಯೇ ಭಾಯಿಯ ದನಿ, ಅದೇ ಹಳೆಯ ದನಿ.

"ಸ್ವಾಮೀ, ಅಂಗಡಿ ರೆಕ್ಸಿನ್ ತುಂಡೆಲ್ಲ ಇಲ್ಲಿಗೆ ತರಿಸಿದೀನಿ. ಮಗಳು ತುಳೀತಾಳೆ, ನಾನು ಗುರುತು ಹಾಕ್ತೀನಿ. ಹದಿನೇಳು ಮಕ್ಕಳಿಗೂ ಒಂದೊಂದು ಹಾಸಿಗೆ. ಯಾವ ಮಗು ಎಷ್ಟು ಉದ್ದ ಐತೆ, ಜಲ್ದಿ ಹೇಳಿ. ಉಸ್ತಾದ್ ಗೇಣಲ್ಲೇ ಹೇಳಿ, ಅವರ ಗೇಣು ನನಗೆ ಗೊತ್ತು."

ಫೋನನ್ನು ಅವಳ ಕಡೆ ಚಾಚಿದೆ. ಭಾಯಿಯ ದನಿ ಕೇಳಿಸಿಕೊಂಡಿದ್ದ ಅವಳು ತೆಗೆದುಕೊಳ್ಳಲಿಲ್ಲ. ಆಗಲೇ ನೆಲಕ್ಕೆ ಕೂತು, ಎದ್ದಾವೆಂದು ಉಸಿರು ಹಿಡಿದು, ಮಲಗಿದ್ದ ಮಕ್ಕಳನ್ನು ತಲೆಯಿಂದ ಪಾದದವರೆಗೆ ಒಂದೊಂದು ಗೇಣಾಗಿ ಅಳೆಯುತ್ತಿದ್ದಳು. ಅವಳು ಬೆರಳು ಎತ್ತಿ ತೋರಿಸಿದ್ದನ್ನು ನಾನು ಪಿಸುದನಿಯಲ್ಲಿ ಭಾಯಿಗೆ ಹೇಳುತ್ತಾ ಹೋದೆ.